ಹಾಳೆಯ ಮೂಲೆಯ ಸಂಕೇತ

ಪೇಟೆಂಟ್ ಕಚೇರಿಯ ಪರೀಕ್ಷಕಿ ತಿರುಗಿಸಿಟ್ಟ ಹಳೆಯ ಹಾಳೆಯಲ್ಲಿ ವೆಲ್ಡರ್‌ಗೆ ಕಂಡದ್ದು ತನ್ನದೇ ಯಂತ್ರ. ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸಲು ಅವನು ಮಾಡಿದ್ದ ಅದೇ ಪಟ್ಟಿ, ಅದೇ ರಾಟೆ, ಒಬ್ಬರೇ ತಿರುಗಿಸಬಲ್ಲ ಅದೇ ಹಿಡಿ.

"ಶುರು ಮಾಡೋಕೆ ಮುಂಚೇನೇ ಹುಡುಕಿಸಿದ್ದೆ ಮೇಡಂ. ಆಸ್ಪತ್ರೆ ಮಂಚ, ರೋಗಿಗಳ ಸಾಧನ, ಎಲ್ಲಾ ವಿಭಾಗ ಜಾಲಾಡಿದ್ವಿ. ಏನೂ ಸಿಗ್ಲಿಲ್ಲ."

"ಅಲ್ಲಿ ಸಿಗಲ್ಲ ಯಜಮಾನ್ರೇ." ಆಕೆ ಹಾಳೆಯ ಮೂಲೆಯ ಸಂಕೇತದ ಮೇಲೆ ಬೆರಳಿಟ್ಟಳು. "ಯಾವ ಕೆಲಸಕ್ಕೆ ಮಾಡಿದ್ದೋ ಆ ವಿಭಾಗಕ್ಕೆ ಸೇರಿಸ್ತಾರೆ. ಇದು ಪಶುಪಾಲನೇಲಿತ್ತು. ಬಿದ್ದ ಹಸು ಎತ್ತೋ ಯಂತ್ರ ಅಂತ. ಹಕ್ಕಿನ ಅವಧಿ ಎಂದೋ ಮುಗಿದಿದೆ, ಯಾರು ಬೇಕಾದ್ರೂ ಮಾಡ್ಕೋಬಹುದಿತ್ತು."

ಅಳತೆಗಳೆಲ್ಲ ಅದರಲ್ಲೇ ಇದ್ದವು. ಅದನ್ನು ನೋಡಿ ಮಾಡಿದ್ದರೆ ಎರಡು ದಿನದ ಕೆಲಸ. ಅವನಿಗೆ ಆರು ವರ್ಷ ಹಿಡಿದಿತ್ತು. ಯಾರಿಗಾಗಿ ಶುರು ಮಾಡಿದ್ದನೋ ಆ ಹಾಸಿಗೆ ಹಿಡಿದ ಹೆಂಡತಿ ಐದನೆಯ ವರ್ಷಕ್ಕೇ ಬೆನ್ನೆಲ್ಲ ಹುಣ್ಣಾಗಿ ತೀರಿಕೊಂಡಿದ್ದಳು. ಆ ಐದು ವರ್ಷವೂ ದಿನಾ ಬೆಳಿಗ್ಗೆ ಅವನು ಕಂಕುಳಿಗೆ ಕೈಕೊಟ್ಟು ಏದುಸಿರು ಬಿಡುತ್ತಾ ಎತ್ತುವಾಗ, ಅವಳು ನೋವನ್ನು ನುಂಗಿಕೊಂಡು ನಗುತ್ತಾ ಒಂದೇ ಮಾತು ಹೇಳುತ್ತಿದ್ದಳು: "ನಿಧಾನ ರೀ, ಬಿದ್ದ ಹಸು ಎತ್ತಿದ ಹಾಗೆ ಎತ್ತುತ್ತೀರಲ್ಲಾ!"