ಯಾರೂ ಕರೆಯದ ಫಂಕ್ಷನ್

"ಇದನ್ನು ಯಾರೂ ಕರೆಯೋದಿಲ್ಲ," ಎನ್ನುತ್ತ ಶಾಲ್ಮಲಿ ಆ ಹದಿನೆಂಟು ಸಾಲು ಕೋಡಿನ ಫಂಕ್ಷನ್ನನ್ನು ಅಳಿಸಿಹಾಕಿದಳು. ಪುಣೆಯ ಆ ಕಂಪನಿಯ ಐವತ್ತು ಪ್ರೋಗ್ರಾಂಗಳಿಗೂ ಸಿ ಭಾಷೆಯ ಲೈಬ್ರರಿ, ಅಂದರೆ ಫಂಕ್ಷನ್ನುಗಳ ಸಂಗ್ರಹ, ಒಂದೇ. ಯಾವುದೂ ಅದನ್ನು ತನ್ನೊಳಗೆ ನಕಲು ಮಾಡಿಟ್ಟುಕೊಳ್ಳುವುದಿಲ್ಲ. ಪ್ರತಿಯೊಂದೂ ಶುರುವಾಗುವಾಗ ಆ ಒಂದೇ ಫೈಲಿನಲ್ಲಿ ತನಗೆ ಬೇಕಾದ ಫಂಕ್ಷನ್ ಹುಡುಕಿಕೊಳ್ಳುತ್ತದೆ. ಐವತ್ತನ್ನೂ ಅವಳು ಜಾಲಾಡಿದ್ದಳು; ಯಾವ ಪ್ರೋಗ್ರಾಮೂ ಈ ಫಂಕ್ಷನ್ನನ್ನು ಬಳಸುತ್ತಿರಲಿಲ್ಲ. ಅದನ್ನು ಬರೆದಿದ್ದ ದಾಮ್ಲೆ ಕಾಕಾ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಹೊಸ ಲೈಬ್ರರಿ ಸೋಮವಾರ ಎಲ್ಲ ಕಂಪ್ಯೂಟರುಗಳಿಗೂ ಹೋಯಿತು.

ಮಂಗಳವಾರ ದಾಮ್ಲೆಯವರ ಫೋನ್ ಬಂತು. ತಮ್ಮ ಹಳೆಯ ಕೋಡ್ ಮುಟ್ಟಿದ್ದಕ್ಕೆ ಗೊಣಗಲು ಮಾಡಿರಬೇಕು ಎಂದುಕೊಂಡಳು.

"ಮೀಟಿಂಗಲ್ಲಿದೀನಿ ಕಾಕಾ, ಆಮೇಲೆ ನಾನೇ ಮಾಡ್ತೀನಿ."

ಮಾಡಲಿಲ್ಲ. ಬುಧವಾರ ಎರಡು ಸಲ ರಿಂಗಾಯಿತು; ಎತ್ತಲಿಲ್ಲ. ಶುಕ್ರವಾರ ಆಫೀಸಿಗೆ ಸುದ್ದಿ ಬಂತು: ದಾಮ್ಲೆಯವರ ಹೆಂಡತಿ ಸುಲಭಾ ಕಾಕು ತೀರಿಕೊಂಡರು.

ಅವಳು ಹೋದಾಗ ನಾರಾಯಣ ಪೇಟೆಯ ದಾಮ್ಲೆಯವರ ಮನೆಯಲ್ಲಿ ಪಕ್ಕದವರು ತಂದಿಟ್ಟ ಕಡಲೆಹಿಟ್ಟಿನ ಪಿಠಲ, ಜೋಳದ ಭಾಕರಿ ಮುಟ್ಟದೆ ಹಾಗೇ ಇತ್ತು. ಖಾಲಿ ಮಂಚದೆದುರು ಪುಟ್ಟ ಕ್ಯಾಮೆರಾ, ಒಂದು ಕಂಪ್ಯೂಟರ್. ಅದರ ಪರದೆಯ ಮೇಲೆ ಒಂದೇ ಸಾಲು: ಈ ಹೆಸರಿನ ಫಂಕ್ಷನ್ ಲೈಬ್ರರಿಯಲ್ಲಿ ಸಿಗುತ್ತಿಲ್ಲ. ಅದು ಶಾಲ್ಮಲಿ ತಾನೇ ಅಳಿಸಿದ್ದ ಹೆಸರು.

"ಕಾಕಾ, ಇದು..."

"ಮೈ ಪೂರ್ತಿ ಸ್ವಾಧೀನ ತಪ್ಪಿದ ಮೇಲೆ ಅವಳ ಮಾತೆಲ್ಲ ಇದರಲ್ಲೇ. ಪರದೆ ಮೇಲೆ ಅಕ್ಷರ ಓಡ್ತಿರುತ್ತೆ, ಬೇಕಾದ್ದು ಬಂದಾಗ ರೆಪ್ಪೆ ಮುಚ್ಚಿದರೆ ಆ ಒಂದಕ್ಷರ. ತಾನಾಗೇ ಮಿಟುಕಿದ್ದು ಯಾವುದು, ಬೇಕಂತ ಮುಚ್ಚಿದ್ದು ಯಾವುದು ಅಂತ ಹೇಳ್ತಿದ್ದದ್ದು ಆ ಫಂಕ್ಷನ್ನು. ರಿಟೈರಾಗೋವಾಗ ಆಫೀಸಿನ ಸಾಹೇಬರನ್ನ ಕೇಳಿ ಲೈಬ್ರರಿ ಮನೆಗೂ ಹಾಕಿಸ್ಕೊಂಡಿದ್ದೆ. ಅಲ್ಲಿ ಬದಲಾದರೆ ಇಲ್ಲೂ ತಾನಾಗೇ ಬದಲಾಗುತ್ತೆ."

"ಹಳೇ ಫೈಲು ಇಟ್ಕೊಂಡಿರಲಿಲ್ವಾ?"

"ಆಫೀಸಲ್ಲಿ ಇರುತ್ತಲ್ಲ ಅಂತ ಸುಮ್ಮನಿದ್ದೆ. ಅದನ್ನ ಕೇಳೋಕೇ ಫೋನ್ ಮಾಡಿದ್ದು."

ಹಳೆಯ ಫೈಲು ಕಳಿಸುವುದಕ್ಕೆ ಹತ್ತು ನಿಮಿಷ ಸಾಕಿತ್ತು. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ನಂದೇ ತಪ್ಪು ಕಾಕಾ."

"ನಂದೂ ಇದೆ. ಇಲ್ಲೊಬ್ಬಳು ಬಳಸ್ತಾಳೆ ಅಂತ ನಿನಗೆ ಒಂದು ಮಾತು ಹೇಳಬೇಕಿತ್ತು. ಹೋಗಲಿ, ಒಂದು ತುತ್ತು ಭಾಕರಿ ತಿನ್ನು."

ಅವಳು ತಟ್ಟೆಯನ್ನು ಅವರ ಕಡೆಗೇ ಸರಿಸಿದಳು. ಕೇಳಬಾರದೆಂದುಕೊಂಡೇ ಕೇಳಿಬಿಟ್ಟಳು: "ಕೊನೇ ದಿನಗಳಲ್ಲಿ ಕಾಕು ಏನಾದರೂ..."

"ಕಣ್ಣು ಮುಚ್ಚಿ ತೆರೀತಾನೇ ಇದ್ದಳು. ಏನೋ ಹೇಳೋಕಿತ್ತು." ದಾಮ್ಲೆ ಮಂಚದ ಹೊದಿಕೆಯ ಸುಕ್ಕು ಸವರಿದರು. "ನೋಯಿಸಬಾರದು ಅಂತ ನಾನು ಎಲ್ಲದಕ್ಕೂ ಹೂಂ ಹೂಂ ಅಂದೆ. ಯಾವುದಕ್ಕೆ ಒಪ್ಪಿಕೊಂಡೆನೋ, ಗೊತ್ತಿಲ್ಲ."