ನಡತೆ ವಿಚಾರಣೆ

“ಇದೇ ಊರಿನ ಸಿದ್ಧಾರ್ಥ್ ಗೊತ್ತಾ? ಹಿರೇಹಳ್ಳಿ ಫ್ಯಾಕ್ಟರೀಲಿ ಎಂಜಿನಿಯರ್ ಅಂತೆ.”

ಕಡಬದ ಕೆರೆ ಏರಿಯ ಮೇಲೆ ನಿಂತ ಕಾರಿನಿಂದ ಇಬ್ಬರು ಇಳಿದಿದ್ದರು. ಗಿಡ್ಡ ಕೂದಲು, ಗರಿಗರಿ ಇಸ್ತ್ರಿ ಷರ್ಟು. ರಂಗಲಕ್ಷ್ಮಮ್ಮ ಹುಲ್ಲಿನ ಹೊರೆ ಇಳಿಸಿ ಅವರನ್ನೇ ನೋಡಿದಳು. ಕೊನೆಗೂ ಬಂದೇಬಿಟ್ಟರು.

ಸಿದ್ಧಾರ್ಥ್ ಅವಳ ಒಬ್ಬನೇ ಮಗ. ದೇಶ ಕಟ್ಟುತ್ತಿದ್ದ ಅಣುಶಕ್ತಿಯ ಜಲಾಂತರ್ಗಾಮಿಗೆ ಅವನ ಫ್ಯಾಕ್ಟರಿ ವಾಲ್ವ್ ಮಾಡಿಕೊಡುತ್ತಿತ್ತು. ಈಗ ಅವನನ್ನೇ ವಿಶಾಖಪಟ್ಟಣಕ್ಕೆ ಕರೆದಿದ್ದರು. ಪರೀಕ್ಷೆಗೆಂದು ಅದು ಸಮುದ್ರದಲ್ಲಿ ಮುಳುಗಿದಾಗ ಒಳಗೆ ಅವನೂ ಇರಬೇಕು.

“ವಾರಗಟ್ಟಲೆ ಫೋನ್ ಇರಲ್ಲಮ್ಮ. ಸರ್ಕಾರದವ್ರು ಊರಿಗೆ ಬಂದು ನನ್ನ ನಡತೆ ವಿಚಾರಿಸ್ತಾರೆ, ಆಮೇಲೇ ಆರ್ಡರು,” ಎಂದಿದ್ದ.

ಅಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಹೋಗಬೇಡವೆಂದು ಅತ್ತಿದ್ದಳು, ಕಾಡಿದ್ದಳು.

“ಗೊತ್ತು ಬುಡಿ. ನಮ್ ಪಕ್ಕದ್ಮನೆ,” ಎಂದಳು.

“ಹುಡುಗ ಹೆಂಗೆ? ದೊಡ್ಡ ಜವಾಬ್ದಾರಿ ಒಪ್ಪಿಸ್ಬೇಕು. ಒಪ್ಪಿಸಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ. ಕುಡೀತಾನಾ?”

ಕಾಫಿ ಬಿಟ್ಟು ಬೇರೇನೂ ಮುಟ್ಟದ ಮಗ.

“ದಿನಾ ಕುಡೀತಾನೆ ಸ್ವಾಮಿ. ಕುಡುದ್ರೆ ಮನುಷ್ಯನೇ ಅಲ್ಲ. ಹೆತ್ತ ತಾಯಿಗೇ ಹೊಡ್ದವ್ನೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿರಿಯ ಕೈ ಮುಗಿದ.

“ಪುಣ್ಯ ಕಟ್ಕೊಂಡ್ರಿ ತಾಯಿ. ನಮ್ಮನ್ನ ಉಳಿಸಿದ್ರಿ.”

ಕಾರು ಮರೆಯಾದ ಮೇಲೆ ಅವಳು ಏರಿಯ ಮೇಲೇ ಕೂತಳು. ಮಗನ ಹೆಸರು ಮಣ್ಣುಪಾಲು ಮಾಡಿದ್ದಳು. ಇರಲಿ, ಮಗ ಉಳಿದ.

ಸಂಜೆ ಸಿದ್ಧಾರ್ಥ್ ಬಂದವನೇ ಬ್ಯಾಗಿಗೆ ಬಟ್ಟೆ ತುಂಬತೊಡಗಿದ.

“ಎಲ್ಲಿಗ್ಲಾ?”

“ವಿಶಾಖಪಟ್ಟಣಕ್ಕೆ.”

“ವಿಚಾರಣೆ ಆಗ್ಬೇಕು ಅಂದಿದ್ದೆ?”

“ಅದು ಹೋದ ತಿಂಗಳೇ ಮುಗೀತು ಕಣಮ್ಮ. ಪೊಲೀಸ್ನೋರು ನಮ್ ಮೇಷ್ಟ್ರನ್ನ ಕೇಳ್ಕೊಂಡು ಹೋದ್ರು. ಬರ್ತೀನಿ ಅಂತ ಅವ್ರಿಗೆ ಹೇಳದೆ ನಾನೇ ದಿನ ಎಳೀತಿದ್ದೆ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಯಾಕೆ?”

ಅವನು ಷರ್ಟು ಮಡಿಸುತ್ತಲೇ ಇದ್ದ.

“ಕುಣಿಗಲ್ಲಲ್ಲಿ ಪಲ್ಲವಿ ಅಂತ ಒಬ್ಳಿದಾಳೆ. ಅವಳ ಮನೆಯವರು ಒಪ್ಪಿದ್ರೆ ಮದ್ವೆಯಾಗಿ, ನಿನ್ನ ಜೊತೇಲೇ ಇಲ್ಲೇ ಇದ್ಬಿಡೋಣ ಅಂತಿದ್ದೆ. ಇವತ್ತು ಅವಳ ಸೋದರಮಾವಂದಿರು ಊರಿಗೆ ಬಂದಿದ್ರಂತೆ, ನನ್ನ ವಿಚಾರಿಸೋಕೆ.”