ಕೊಟ್ಟಿಗೆಯ ಗಾಜು

ಚಾಕುವಿನ ತುದಿ ತಗುಲಿದ್ದೇ ತಡ, ಗಾಜಿನ ಪಟ್ಟಿ ಎರಡು ತುಂಡಾಗಿ ರುಕ್ಮಾಳ ಅಂಗೈಗೆ ಬಿತ್ತು. ಒಡೆದದ್ದು ಚಾಕುವಿನಿಂದಲ್ಲ. ಬೆಳಿಗ್ಗೆ ಕೊಟ್ಟಿಗೆಗೆ ಹಾಲು ಕರೆಯಲು ಬಂದಾಗಲೇ ಅದು ನಟ್ಟನಡುವೆ ಸೀಳಿಹೋಗಿತ್ತು. ಇಂಜಿನಿಯರು ಬರುವುದು ನಾಳೆ.

ಗಢವಾಲದ ಬೆಟ್ಟದ ಬಿಂದೌಲಿ ಊರು ಆ ಮಳೆಗಾಲದಲ್ಲಿ ಕೆಳಕ್ಕೆ ಜಾರತೊಡಗಿತ್ತು. ಗೋಡೆ ಬಿರಿದ ಮನೆಗಳಿಗೆಲ್ಲ ಇಂಜಿನಿಯರ್ ನೌಟಿಯಾಲ್ ಬಂದು, ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ ಹೋಗಿದ್ದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

"ಒಂದು ಸಲ ಒಡೆದ್ರೆ ನಂಗೆ ಹೇಳಿ. ಬಾಗಿಲಿಗೆ ಕೆಂಪು ಗುರುತು ಹಾಕ್ತೀನಿ, ತಳಪಾಯಕ್ಕೆ ಏನು ಮಾಡ್ಬೇಕೋ ನೋಡೋಣ," ಎಂದಿದ್ದ. "ಎರಡನೇ ಸಲ ಒಡೆದ್ರೆ ನನ್ನ ಕಾಯ್ಬೇಡಿ. ಉಟ್ಟ ಬಟ್ಟೇಲಿ ಹೊರಗೆ ಓಡಿ."

ಕೆಂಪು ಗುರುತು ಬಿದ್ದರೆ ನಾದಿನಿ ಬೀನಾಳ ಮದುವೆ ಮುರಿದಂತೆಯೇ. ಬೀಳುವ ಮನೆಯ ಅಂಗಳಕ್ಕೆ ದಿಬ್ಬಣ ತರುವುದಿಲ್ಲವೆಂದು ಗಂಡಿನವರು ಆಗಲೇ ಹೇಳಿ ಕಳಿಸಿದ್ದರು. ದೀಪಾವಳಿ ಕಳೆದರೆ ಮದುವೆ. ಅಲ್ಲಿಯವರೆಗೆ ಮನೆ ನಿಂತರೆ ಸಾಕು. ಒಡೆದದ್ದು ಒಂದೇ ಸಲ ತಾನೆ ಎಂದು ರುಕ್ಮಾ ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಗಡಿಯಲ್ಲಿದ್ದ ಗಂಡನ ಪುಟ್ಟ ಫೋಟೋದ ಕಟ್ಟಿನಿಂದ ಗಾಜು ಬಿಚ್ಚಿ ತಂದಿದ್ದಳು. ಮಾವ ಹೊಸ್ತಿಲು ರಿಪೇರಿ ಮಾಡಿ ಉಳಿಸಿದ್ದ ಸಿಮೆಂಟು ಮೂಲೆಯಲ್ಲೇ ಇತ್ತು. ಗೋಡೆಯ ಹಳೆಯ ಸಿಮೆಂಟು ಕೆರೆದರೆ ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಮತ್ತೊಂದು. ಸರ್ಕಾರಿ ಕೆಲಸ ಯಾವಾಗಿನಿಂದ ಇಷ್ಟು ಗಟ್ಟಿಮುಟ್ಟಾಯಿತೋ ಎಂದುಕೊಳ್ಳುತ್ತ ಅವಳು ಹೊಸ ಗಾಜು ಕೂರಿಸಿ, ಹೊಳಪು ಕಾಣದಂತೆ ಸಗಣಿ ಕೈಯಿಂದ ಸವರಿದಳು.

ಕೊಟ್ಟಿಗೆಯ ಮೇಲೆ, ಮನೆಯವರಿರುವ ಮಹಡಿಯಲ್ಲಿ, ಅತ್ತೆ ಸತೇಶ್ವರಿ ದೇವಿಯ ಪಟಕ್ಕೆ ಕುಂಕುಮ ಇಡುತ್ತಿದ್ದಳು. ಪಟಕ್ಕೆ ಗಾಜಿರಲಿಲ್ಲ, ಮಸಿ ಹಿಡಿದಿತ್ತೆಂದು ತೆಗೆದಿದ್ದಳಂತೆ. ಕಾಗದದ ಮೇಲೇ ಇಟ್ಟು ಇಟ್ಟು ದೇವಿಯ ಹಣೆ ತೂತಾಗುವುದರಲ್ಲಿತ್ತು. ಮಾವ ಮಾತ್ಬರ್ ಸಿಂಗ್ ಮುಚ್ಚಿದರೆ ಸಿಕ್ಕಿಕೊಳ್ಳುತ್ತಿದ್ದ ಮುಂಬಾಗಿಲಿನ ಅಂಚನ್ನು ಮತ್ತೆ ಹತ್ತರಿಯಿಂದ ಹೆರೆಯುತ್ತಿದ್ದ.

"ಮಳೇಗೆ ಮರ ಉಬ್ಬಿದೆ," ಎಂದ, ಯಾರೂ ಕೇಳದಿದ್ದರೂ. ಮೆಟ್ಟಿಲ ಕಿಟಕಿಗೆ ಗಾಜಿನ ಬದಲು ಬಡಿದ ರಟ್ಟು ಗಾಳಿಗೆ ಪಟಪಟ ಎಂದಿತು. ಆ ಗಾಜು ಒಡೆದ ಮಂಗನನ್ನು ಅವನು ಅಂದೂ ಬೈದ.

ಮರುದಿನ ನೌಟಿಯಾಲ್ ಕೊಟ್ಟಿಗೆಯ ಬಾಗಿಲಲ್ಲೇ ಮೂಗು ಮುಚ್ಚಿ ನಿಂತು ಟಾರ್ಚ್ ಬಿಟ್ಟ.

"ಇಡೀ ಸಾಲಲ್ಲಿ ಒಡೀದೇ ಇರೋ ಗಾಜು ಇದೊಂದೇ, ಮಾತ್ಬರ್‌ಜೀ. ನಿಮ್ಮಪ್ಪ ಕಲ್ಲು ಆರಿಸಿ ಆರಿಸಿ ಪಾಯ ಹಾಕಿದ್ದಾರೆ."

ಅಪ್ಪನ ಹೆಸರು ಬಂದರೆ ಎದೆ ಉಬ್ಬಿಸುವ ಮಾತ್ಬರ್ ಸಿಂಗ್ ಅಂದು ನೆಲ ನೋಡಿದ.

"ದೇವಿ ದಯೆ," ಎಂದಳು ಸತೇಶ್ವರಿ, ಸೆರಗು ಎಳೆದುಕೊಳ್ಳುತ್ತ.

"ಹಾಗಾದ್ರೆ ಪಕ್ಕದ್ಮನೆ ಸುಲೋಚನಾ ಮಕ್ಕಳನ್ನ ಕಟ್ಕೊಂಡು ಇವತ್ತಿಂದ ಇಲ್ಲೇ ಮಲಗ್ಲಿ. ಅವರ ಗಾಜು ನಿನ್ನೆ ಎರಡನೇ ಸಲ ಹೋಯ್ತು."

ಬೇಡ ಎಂದರೆ ಏಕೆಂದು ಹೇಳಬೇಕಿತ್ತು, ರುಕ್ಮಾಳೂ ಸೇರಿ ಮೂವರೂ ಹೂಂಗುಟ್ಟಿದರು.

ಸಂಜೆ ಸುಲೋಚನಾ ಹಾಸಿಗೆಯ ಗಂಟು ಹೊತ್ತು ಬಂದಳು. ಹಿಂದೆ ನಾಲ್ವರು ಮಕ್ಕಳು. ಬೀನಾ ಅವರನ್ನು ಒಳಗೆ ಕೂರಿಸಿ ರಾಗಿ ರೊಟ್ಟಿ ಬಡಿಸಿದಳು. ಕೊನೆಯ ಹುಡುಗಿ ರುಕ್ಮಾಳ ಸೆರಗು ಹಿಡಿದಳು.

"ಚಾಚಿ, ನಿಮ್ಮನೆ ಬೀಳಲ್ಲ ಅಲ್ವಾ?"

ರುಕ್ಮಾಳಿಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಕೊಟ್ಟಿಗೆಗೆ ಓಡಿದಳು. ಅಲ್ಲಿ ಅತ್ತೆ ಆಗಲೇ ಇದ್ದಳು. ಕೈದೀಪ ಎತ್ತಿ ಗೋಡೆಯನ್ನೇ ನೋಡುತ್ತಿದ್ದಳು.

"ಮಾಂಜಿ, ಆ ಗಾಜು ಸಾಹೇಬ್ರು ಇಟ್ಟಿದ್ದಲ್ಲ," ಎಂದಳು ರುಕ್ಮಾ. "ನಿನ್ನೆ ಒಡೆದಿತ್ತು. ಬೀನಾ ಮದ್ವೆ ನಿಂತೋಗುತ್ತೆ ಅಂತ ನಾನೇ ಬೇರೆ ಇಟ್ಟೆ. ಮೊದಲ್ನೇ ಸಲ ತಾನೆ ಅಂತ..."

ಸತೇಶ್ವರಿ ಬೈಯಲಿಲ್ಲ. ಕೈದೀಪವನ್ನು ನೆಲಕ್ಕಿಟ್ಟಳು.

"ಮೊದಲ್ನೇದಲ್ಲ, ಬ್ವಾರಿ," ಎಂದಳು ಸೊಸೆಗೆ. " ಹೋದ ತಿಂಗಳೂ ಒಡೆದಿತ್ತು. ನೀನು ಕಿತ್ತಿದ್ದು ದೇವಿ ಪಟದ ಗಾಜು. ನಾನೂ ಮೊದಲ್ನೇ ಸಲ ತಾನೆ ಅಂತ್ಲೇ ಇಟ್ಟೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಎರಡಾಯಿತು. ಉಟ್ಟ ಬಟ್ಟೆಯಲ್ಲಿ ಓಡಬೇಕಾದ ಲೆಕ್ಕ. ಮೇಲೆ ಮಕ್ಕಳು ಓಡಾಡುವ ಸದ್ದಿಗೆ ಹಲಗೆಯ ಸಂದಿನಿಂದ ಮಣ್ಣು ಉದುರಿತು.

ತಿರುಗಿದರೆ ಬಾಗಿಲಲ್ಲಿ ಮಾತ್ಬರ್ ಸಿಂಗ್. ಎಲ್ಲ ಕೇಳಿಸಿಕೊಂಡಿದ್ದ. ಬೆಳಗಿನಿಂದ ಕೈಬಿಡದ ಹತ್ತರಿ ಇನ್ನೂ ಅವನ ಕೈಯಲ್ಲೇ ಇತ್ತು.

"ಆ ಕಿಟಕಿ ಗಾಜು ಮಂಗ ಒಡೆದಿದ್ದಲ್ಲ, ಅದಕ್ಕೂ ಮುಂಚೆ ನಾನೇ ಕಿತ್ತು ತಂದಿದ್ದು," ಎಂದ.

ಅಷ್ಟರಲ್ಲಿ ಮಹಡಿಯಿಂದ ಸುಲೋಚನಾ ಕೂಗಿದಳು:

"ದೀದೀ, ಗಾಳಿಗೆ ಮುಂಬಾಗಿಲು ಹಾಕ್ಕೊಂಡ್ಬಿಡ್ತು. ನಾನೂ ಬೀನಾನೂ ಸೇರಿ ಎಳೆದ್ರೂ ಬರ್ತಾ ಇಲ್ಲ."